ಉಬ್ಬಿಗೆ ಇಟ್ಟ ಹೆಸರು

“ಆನೆ,” ಎಂದು ಮುದಿ ದರ್ಜಿ ಎಚ್ಚರಿಸಿದ. ಹಿಂದಿನ ಸೀಟಿನಲ್ಲಿದ್ದ ಕುರುಡು ಟೆಲಿಫೋನ್ ಆಪರೇಟರಿಗೆ ಅದು ಅರ್ಥವಾಗಲಿಲ್ಲ. ಇಬ್ಬರೂ ತುಳಿಯುತ್ತಿದ್ದ ಜೋಡಿ ಸೈಕಲ್ಲು ರಸ್ತೆಯ ಉಬ್ಬಿನ ಮೇಲೆ ಎಗರಿ ಕುಕ್ಕಿತು. ಆಪರೇಟರ್ ಸೊಂಟ ಹಿಡಿದುಕೊಂಡ. “ಯಜಮಾನ್ರೇ, ಆರು ದಿನದಿಂದ ಉಬ್ಬು ಅಂತಿದ್ರಿ. ಈಗ ಆನೆ ಎಲ್ಲಿಂದ ಬಂತು? ನಿಮಗೂ ಕಣ್ಣು ಹೋಯ್ತಾ?”

ದರ್ಜಿ ಬ್ರೇಕು ಹಿಡಿದ. ಅಂಗವಿಕಲರ ಶಾಲೆಯ ನೆರವಿಗಾಗಿ ವರ್ಷಕ್ಕೊಮ್ಮೆ ಹೊರಡುವ ಈ ದೂರದ ಯಾತ್ರೆಯಲ್ಲಿ, ಹೋದ ವರ್ಷದವರೆಗೂ ಅವನ ಹಿಂದೆ ಕೂರುತ್ತಿದ್ದವನು ಅವನ ಕುರುಡು ಮಗ. ಉಬ್ಬಿಗೆ ಆನೆ ಎಂದು ಹೆಸರಿಟ್ಟವನೂ ಅವನೇ. ಬೇಸಿಗೆಯಲ್ಲಿ ಜ್ವರ ಬಂತು, ದೇವರು ಕರೆದುಕೊಂಡ. ಆರು ದಿನ ಹಲ್ಲು ಕಚ್ಚಿ ತಡೆದಿದ್ದ ಮಾತು, ಕಾಲು ಸೋತ ಹೊತ್ತಿನಲ್ಲಿ ತಾನಾಗಿ ಬಾಯಿಗೆ ಬಂದಿತ್ತು.

“ಉಬ್ಬಿಗೆ ನನ್ನ ಮಗ ಹಾಗಂತಿದ್ದ,” ಎಂದ. “ಮುಂದಿನ ಊರಲ್ಲಿ ಬೇರೆಯವರಿಗೆ ಹ್ಯಾಂಡಲ್ ಕೊಟ್ಟುಬಿಡ್ತೀನಿ ಕಣಪ್ಪ. ನನ್ನ ಕೈಲಾಗಲ್ಲ.”

ಆಪರೇಟರ್ ಮತ್ತೆ ಪೆಡಲಿನ ಮೇಲೆ ಕಾಲಿಟ್ಟ. “ಕೊಡಿ. ಅಲ್ಲೀವರೆಗಾದ್ರೂ ಹೋಗ್ಬೇಕಲ್ಲ. ಆನೆ ಬಂದ್ರೆ ನಾನೇನು ಮಾಡ್ಬೇಕು?”

“ಸೀಟಿಂದ ಏಳ್ಬೇಕು, ಅಷ್ಟೇ.”

ಇಬ್ಬರೂ ಮತ್ತೆ ತುಳಿದರು. ಮೈಲಿಯಾಚೆ ಇನ್ನೊಂದು ಉಬ್ಬು ಎದುರಾಯಿತು. ಉಬ್ಬು ಎಂದಿದ್ದರೆ ಸಾಕಿತ್ತು. “ಆನೆ,” ಎಂದ ದರ್ಜಿ, ಮೆಲ್ಲಗೆ.

ಹಿಂದಿನವನು ಪೆಡಲುಗಳ ಮೇಲೆ ಎದ್ದು ನಿಂತ. “ದೊಡ್ಡದೋ ಮರಿಯೋ, ಅದನ್ನೂ ಹೇಳ್ಬೇಕಪ್ಪ.”

“ಮರಿ,” ಎಂದ ದರ್ಜಿ.

ಮುಂದಿನ ಊರು ಬಂದಾಗ ಅವನು ಬ್ರೇಕು ಹಿಡಿಯಲಿಲ್ಲ.