ಮೂವತ್ತನೇ ನಿಮಿಷ

ಜೇನುತುಪ್ಪದ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಅಸಲಿಯೋ ಕಲಬೆರಕೆಯೋ ಎಂದು ಲೆಕ್ಕ ಹಾಕಲು ಪ್ರಯೋಗಾಲಯದ ಯಂತ್ರಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಹೊಸದಾಗಿ ಬಂದ ಎಂಜಿನಿಯರ್ ಆ ಲೆಕ್ಕಕ್ಕೆಂದೇ ಒಂದು ಸಿಗ್ನಲ್ ಪ್ರೊಸೆಸಿಂಗ್ ಕಾರ್ಡ್ ತಯಾರಿಸಿ ಅದರೊಳಗೆ ಕೂರಿಸಿದಳು.

“ಇನ್ಮೇಲೆ ಒಂದೇ ಸೆಕೆಂಡು ಸಾರ್.”

ಹಿರಿಯ ಕೆಮಿಸ್ಟರ ಮುಖ ಹುಳ್ಳಗಾಯಿತು. “ಬೇಡಮ್ಮಾ. ವ್ಯಾಪಾರಿ ಇಲ್ಲೇ ಎದುರಿಗೆ ಕೂತು ಕಾಯ್ಬೇಕು.”

“ಯಾಕೆ ಕಾಯ್ಬೇಕು? ಹನ್ನೊಂದು ವರ್ಷದಲ್ಲಿ ಇನ್ನೂರು ಕಳ್ಳರನ್ನ ಹಿಡಿದಿರೋ ಮಷೀನು ಸಾರ್ ಇದು. ಇನ್ನೂ ಬೇಗ ಹಿಡಿದ್ರೆ ತಪ್ಪಾ?”

ಬೆಂಚಿನ ತುದಿಯಲ್ಲಿ ಕೂತಿದ್ದ ಜೇನಿನ ವ್ಯಾಪಾರಿ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಅವಳು ಗುಂಡಿ ಒತ್ತಿದಳು. ಕರ್ಚೀಫು ಜೇಬು ಸೇರುವ ಮೊದಲೇ ಫಲಿತಾಂಶ ಬಂತು.

“ಅಸಲಿ” ಎಂದು ಅವಳು ಓದಿದಳು.

“ಹೌದಾ?” ಎಂದ ವ್ಯಾಪಾರಿ, ಮರುಕ್ಷಣ ಬಾಗಿಲಲ್ಲಿದ್ದ ಚಪ್ಪಲಿಯನ್ನೂ ಬಿಟ್ಟು ಓಡಿದ.

ಅವಳು ನಿಧಾನವಾಗಿ ಕೆಮಿಸ್ಟರತ್ತ ತಿರುಗಿದಳು. “ಹಾಗಾದ್ರೆ ಆ ಇನ್ನೂರು ಜನ?”

“ಎಲ್ಲರೂ ಮೂವತ್ತನೇ ನಿಮಿಷಕ್ಕೆ ಬೆವೆತು ತಾವಾಗೇ ಒಪ್ಪಿಕೊಂಡವರು. ಈ ಮಷೀನು ಇವತ್ತಿನವರೆಗೂ ಅಸಲಿ ಅನ್ನೋದು ಬಿಟ್ರೆ ಬೇರೇನೂ ಹೇಳಿಲ್ಲಮ್ಮಾ.”