ಸ್ಕ್ರೀನಿನಲ್ಲಿ ಬಂದದ್ದು

ಕರೆಗಂಟೆ ಎರಡನೇ ಸಲ ಸದ್ದು ಮಾಡಿತು. ಲಿಡಿಯಾ ಹೇರ್ ಡ್ರೈಯರ್ ಆರಿಸಿ ಮೇಜಿನ ಮೇಲಿಟ್ಟಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದ ಜಡೆಯನ್ನು ಬೆನ್ನಿಗೆ ಸರಿಸಿ ಬಾಗಿಲು ತೆರೆದಳು.

ಗಂಡ ಸೆಡ್ರಿಕ್‌ನನ್ನು ಮಣ್ಣು ಮಾಡಿ ನಾಲ್ಕು ದಿನ. ನೆಂಟರ ಕೊನೆಯ ಕಾರು ನಿನ್ನೆ ವಾಮಂಜೂರು ಬಿಟ್ಟಿತ್ತು. ಈ ಬೆಳಿಗ್ಗೆ ಅವಳು ಮೊದಲ ಬಾರಿಗೆ ಒಂದೇ ಲೋಟ ಚಹಾ ಮಾಡಿದ್ದಳು. ಕುಡಿಯಲು ಮರೆತಿದ್ದಳು.

ಹೊರಗೆ ಹಳೆ ಕಂಪ್ಯೂಟರ್ ಮಾರುವ ದೀಪೇಶ್, ಹೆಲ್ಮೆಟ್ ತೆಗೆಯದೆ ನಿಂತಿದ್ದ.

"ಬೇಜಾರು ಮಾಡ್ಬೇಡಿ ಅಕ್ಕ. ಮೊನ್ನೆ ಹೇಳಿದ್ದೆನಲ್ಲ, ನನ್ನ ಸಿಸ್ಟಮ್ ಒಂದು ಇಲ್ಲಿ ಉಂಟು."

ಹೇಳಿದ್ದು ಸಮಾಧಿಯ ಬಳಿ, ಹಿಡಿ ಮಣ್ಣು ಹಾಕಿ ಕೈ ಒರೆಸಿಕೊಳ್ಳುತ್ತಾ.

ಊಟದ ಮೇಜಿನ ಮೇಲೆ ಎರಡು ಕಪ್ಪು ಪೆಟ್ಟಿಗೆಗಳಿದ್ದವು. ಯಾವುದೋ ಆಫೀಸು ಹೊರಹಾಕಿದ ಒಂದೇ ಲಾಟಿನ ಅವಳಿಗಳು. ಒಂದನ್ನು ಸೆಡ್ರಿಕ್ ವೇಗದ ಐ ಸೆವೆನ್ ಎಂದು ನಂಬಿ ದೀಪೇಶನಿಂದ ಕೊಂಡಿದ್ದ, ಲಿಡಿಯಾ ಊರವರ ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡಲೆಂದು. ಅದರಲ್ಲಿ, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಹೊಯ್ಯುವ ತೆಂಗಿನಹಾಲು ವಧುವಿನ ತಲೆಯಿಂದ ಗಲ್ಲಕ್ಕೆ ಇಳಿಯುವಷ್ಟರಲ್ಲಿ ಒಂದು ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಸೆಡ್ರಿಕ್ ಬಿಚ್ಚಿ ನೋಡಿದ. ಒಳಗಿದ್ದದ್ದು ನಿಧಾನದ ಐ ತ್ರೀ ಪ್ರೊಸೆಸರ್. ಯಂತ್ರ ಎದ್ದೊಡನೆ ಓಡುವ ಫರ್ಮ್‌ವೇರನ್ನೇ ದೀಪೇಶ್ ತಿದ್ದಿದ್ದ. ಸ್ಕ್ರೀನಿನಲ್ಲಿ ಮಾತ್ರ ಐ ಸೆವೆನ್, ಹದಿನಾರು ಜಿಬಿ.

ಇಗರ್ಜಿಯ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇನೆ ಎಂದು ಸೆಡ್ರಿಕ್ ಹೆದರಿಸಿದ. ಸರಿಮಾಡಿ ಕೊಡುವವರೆಗೆ ಇರಲಿ ಎಂದು ದೀಪೇಶ್ ಒಂದು ಅಸಲಿ ಐ ಸೆವೆನ್ ಎರವಲು ಕೊಟ್ಟ, ಗುರುತಿಗೆ ಅಂಗಡಿಯ ಹಳದಿ ಸ್ಟಿಕ್ಕರ್ ಅಂಟಿಸಿ. ಮರುವಾರ ಸೆಡ್ರಿಕ್‌ನ ಹೃದಯ ನಿಂತಿತು.

"ಶನಿವಾರ ಒಂದು ಮದುವೆ ವಿಡಿಯೋ ಕೊಡ್ಲಿಕ್ಕುಂಟು," ಎಂದಳು ಲಿಡಿಯಾ. "ಇನ್ನು ನನಗಿರುವುದು ಇದೊಂದೇ ಕೆಲಸ. ನಮ್ಮದನ್ನು ನೀವು ತಗೊಂಡು ಹೋಗಿ, ನಿಮ್ಮದನ್ನು ಇಲ್ಲೇ ಬಿಡಿ."

"ಎಂತ ಅಕ್ಕ ನೀವು! ನಿಮ್ಮದಕ್ಕೆ ಎಂತ ಆಗಿದೆ? ಸ್ಕ್ರೀನಿನಲ್ಲಿ ಐ ಸೆವೆನ್ ಅಂತ ಬರುದಿಲ್ವಾ?"

"ಬರ್ತದೆ."

"ಮತ್ತೆ? ಸ್ಕ್ರೀನ್ ಸುಳ್ಳು ಹೇಳ್ತದಾ ಮಾರಾಯ್ರೆ?"

"ಸ್ಕ್ರೀನಿನಲ್ಲಿ ಬಂದದ್ದನ್ನು ನಂಬಬೇಕು, ಅಲ್ವಾ?"

"ನಂಬ್ಲೇಬೇಕು."

ಅವಳು ತಲೆ ತಗ್ಗಿಸಿದಳು. "ಸರಿ. ಆದ್ರೆ ನೋಡಿ ತಗೊಳ್ಳಿ. ನಾಳೆ ಹಾಳು ಮಾಡಿ ಕೊಟ್ಟಿದ್ದೀರಿ ಅಂತ ಬರ್ಬೇಡಿ."

ದೀಪೇಶ್ ಹಳದಿ ಸ್ಟಿಕ್ಕರಿನ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು.

"ನಮ್ಮೂರ ಸೆಕೆಗೆ ಗಮ್ಮೂ ನಿಲ್ಲುದಿಲ್ಲ," ಎಂದು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ವಯರು ಸಿಕ್ಕಿಸಿದ. ಸ್ಕ್ರೀನು ಬೆಳಗಿತು. ಐ ಸೆವೆನ್, ಹದಿನಾರು ಜಿಬಿ.

"ಪಕ್ಕಾ," ಎಂದು ಆರಿಸಿದ.

ಲಿಡಿಯಾ ಕಾಗದ, ಪೆನ್ನು ಮುಂದಿಟ್ಟಳು.

"ಓದಿದವರಿಗೆ ಎಲ್ಲದಕ್ಕೂ ಕಾಗದ ಬೇಕು," ಎಂದು ನಗುತ್ತಾ ಅವನು ಬರೆದ: ಎರವಲು ಕೊಟ್ಟ ಐ ಸೆವೆನ್ ಪರೀಕ್ಷಿಸಿ ಮರಳಿ ಪಡೆದಿದ್ದೇನೆ. ಸಹಿ ಹಾಕಿದ.

ಸ್ಕೂಟರಿನವರೆಗೆ ಪೆಟ್ಟಿಗೆಯನ್ನು ಅವಳೇ ಹೊತ್ತು ತಂದು ಅವನ ಕಾಲ ಬಳಿ ಇಟ್ಟಳು.

"ಅವರವರದ್ದು ಅವರವರಿಗೆ ಸೇರ್ಬೇಕು ಅಂತಿದ್ದರು ಸೆಡ್ರಿಕ್."

"ಚಿನ್ನದಂಥ ಜನ ಅಕ್ಕ," ಎಂದ ದೀಪೇಶ್.

ಸ್ಕೂಟರು ತಿರುವು ದಾಟುವವರೆಗೆ ನಿಂತಿದ್ದು, ಒಳಗೆ ಬಂದಳು. ಹೇರ್ ಡ್ರೈಯರನ್ನು ಕಪಾಟಿನಲ್ಲಿಟ್ಟಳು. ಉಳಿದ ಪೆಟ್ಟಿಗೆಯನ್ನು ಚಾಲೂ ಮಾಡಿ, ಮದುವೆಯ ವಿಡಿಯೋ ತೆರೆದು, ಆರಿದ ಚಹಾವನ್ನು ಕೈಗೆತ್ತಿಕೊಂಡಳು.

ಲೋಟ ತುಟಿಗೆ ತಾಗುವ ಮೊದಲೇ ತೆಂಗಿನಹಾಲು ವಧುವಿನ ಗಲ್ಲ ದಾಟಿತ್ತು.