ರಾಹುಕಾಲ ಮುಗಿಯುವವರೆಗೆ

ವನ್ಯಜೀವಿ ಸಮೀಕ್ಷೆಗೆ ಬಂದಿದ್ದ ಅವಳು ಮೂರು ದಿನ ಆ ಕುರುಚಲು ಕಾಡಿನ ಪೊದೆಪೊದೆಯನ್ನೂ ಬಗ್ಗಿ ನೋಡಿದ್ದಳು. ಒಂದೇ ಒಂದು ನಕ್ಷತ್ರ ಆಮೆ ಕಂಡಿದ್ದರೂ ಅಲ್ಲಿ ಏಳಲಿರುವ ಇನ್ನೂರು ಮನೆಗಳ ಅನುಮತಿ ನಿಂತುಹೋಗುತ್ತಿತ್ತು. ಕಾಣಲಿಲ್ಲ. ಇನ್ನು ‘ಇಲ್ಲಿ ಆಮೆಗಳಿಲ್ಲ’ ಎಂಬ ವರದಿಗೆ ಸಹಿ ಹಾಕದೆ ವಿಧಿಯಿರಲಿಲ್ಲ.

ಬಿಲ್ಡರನ ಮನೆಯ ಜಗಲಿಯಲ್ಲಿ ಕೂತು ಪೆನ್ನು ತೆಗೆದಳು.

“ಸ್ವಲ್ಪ ತಡೀರಿ ಮೇಡಂ,” ಎಂದ ಅವನು. “ಶುಕ್ರವಾರ. ಹನ್ನೆರಡರವರೆಗೂ ರಾಹುಕಾಲ.”

“ಕುರಿ ಕಾಯೋರು ಆಮೆ ನೋಡಿದೀವಿ ಅಂತಾರೆ.”

“ಅವರು ನೂರು ಹೇಳ್ತಾರೆ. ನಿಮ್ಮ ಕಣ್ಣಿಗೆ ಬಿತ್ತಾ?”

ಅವಳು ಹಲ್ಲು ಕಚ್ಚಿ ಗಡಿಯಾರ ನೋಡುತ್ತ ಕೂತಳು. ಹನ್ನೆರಡಾಯಿತು. ವರದಿಯನ್ನು ಹತ್ತಿರ ಎಳೆದುಕೊಂಡಳು.

ಅಷ್ಟರಲ್ಲಿ ಬಿಲ್ಡರನ ತಾಯಿ ಒಳಗಿಂದ ಬಟ್ಟೆ ಮುಚ್ಚಿದ ಹಿತ್ತಾಳೆ ತಟ್ಟೆ ಹಿಡಿದು ಬಂದರು.

“ಅಮ್ಮ, ಈಗ ಬೇಡ. ಒಳಗೆ ಹೋಗು,” ಎಂದು ಅವನು ಧಡಕ್ಕನೆ ಎದ್ದ.

“ನೀನು ಸುಮ್ನಿರಪ್ಪ, ಶುಭಕಾರ್ಯ,” ಎಂದು ಅವರು ಬಟ್ಟೆ ಸರಿಸಿದರು. ಅರಿಶಿನ ಕುಂಕುಮ ಹಚ್ಚಿದ, ಹಳದಿ ನಕ್ಷತ್ರಗಳ ಚಿಪ್ಪಿನೊಳಗಿಂದ ಪುಟ್ಟ ತಲೆಯೊಂದು ಹೊರಬಂತು.

“ಇದರ ಬೆನ್ನು ಮುಟ್ಟಿ ಸಹಿ ಹಾಕು ತಾಯಿ. ಭೂಮಿಪೂಜೆ ದಿನ ಆ ಜಾಗದಲ್ಲೇ ಸಿಕ್ಕಿದ ಲಕ್ಷ್ಮಿ.”